ಹಾಲೆಂಬ ಉಪೋತ್ಪನ್ನ

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನ ಮೆಟ್ಟಿಲಿಳಿದು, ತರಕಾರಿ ಗಾಡಿಗಳ ನಡುವೆ ಮೈಯನ್ನು ಅಡ್ಡ ಮಾಡಿಕೊಂಡು ಸಾಗಿದರೆ ಸಿಗುವ ಹೋಟೆಲ್ ಕ್ಷೀರಾಬ್ಧಿಯಲ್ಲಿ ಇಡ್ಲಿ ಸುಮಾರಾಗಿತ್ತು, ಸಾಂಬಾರು ಇಡ್ಲಿಗಿಂತಲೂ ಸುಮಾರಾಗಿತ್ತು. ಇದನ್ನು ಹೇಳುತ್ತಿದ್ದವನು ಯಾವ ಗಿರಾಕಿಯೂ ಅಲ್ಲ, ಗಲ್ಲಾದ ಮೇಲೆ ಕೂತ ಮಾಲೀಕ ಕಮಲಾಕ್ಷನೇ. ಹೇಳಿ, ಒಂದು ಕ್ಷಣ ಬಿಟ್ಟು, "ಆದ್ರೆ ಕಾಫಿ ಬೇರೆ ವಿಷಯ ಮಾರಾಯ್ರೆ" ಎನ್ನುತ್ತಿದ್ದ.

ಕಾಫಿ ಬೇರೆ ವಿಷಯವೇ ಆಗಿತ್ತು. ಬೆಳ್ಮಣ್ಣಿನಿಂದ ಬಂದು ಹೋಟೆಲು ಹಾಕಿದ ಅವನ ಅಪ್ಪ, ಟಿಟ್ವಾಳಾದ ಆಚೆ ಯಾರಿಗೂ ಬೇಡವಾಗಿದ್ದ ಕಲ್ಲುನೆಲವನ್ನು ಕೊಂಡು ಅಲ್ಲಿ ಎಮ್ಮೆ ಕಟ್ಟಿದ್ದರು. ದಿನಾ ಬೆಳಗ್ಗೆ ಆ ಎಮ್ಮೆಗಳ ಹಾಲು ಲೋಕಲ್ ಟ್ರೈನಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕ ನಿಂತು ಡೊಂಬಿವಲಿಗೆ ಬರುತ್ತಿತ್ತು. ತಿಂಡಿಯಲ್ಲಿ ಏನು ಬೇಕಾದರೂ ಕಡಿಮೆ ಮಾಡು, ಕಾಫಿಗೆ ಮಾತ್ರ ನಮ್ಮ ಹಾಲೇ ಇರಲಿ ಎಂದು ಹೇಳಿ ಅಪ್ಪ ತೀರಿಕೊಂಡರು. ಮಗ ಎರಡನ್ನೂ ತಪ್ಪದೆ ನಡೆಸಿಕೊಂಡು ಬಂದಿದ್ದ.

ಈ ಕಾಫಿಗೊಂದು ಸುಪ್ರೀಂ ಕೋರ್ಟ್ ಇತ್ತು. ಅದು ಹಯಗ್ರೀವರಾಯರು. ಮೈಸೂರಿನವರು, ಯಾವುದೋ ಇನ್ಶೂರೆನ್ಸ್ ಆಫೀಸಿನಲ್ಲಿ ನಿವೃತ್ತರಾದವರು. ಬೆಳಗಿನ ವಾಕಿಂಗ್ ಮುಗಿಸಿ ಇನ್ನೈದಾರು ಜನ ಪೆನ್ಷನ್ ಗೆಳೆಯರ ಜೊತೆ ಬಂದು ಕಿಟಕಿ ಪಕ್ಕದ ಮೇಜು ಹಿಡಿಯುತ್ತಿದ್ದರು. ಮೊದಲ ಗುಟುಕಿಗೆ ಅವರು ಕಣ್ಣು ಮುಚ್ಚುವರು. ಗೆಳೆಯರು ಕಾಯುವರು. ಎಡಹುಬ್ಬು ನಿಧಾನವಾಗಿ ಮೇಲೇರಿದರೆ ಎಲ್ಲರೂ ತಮ್ಮ ತಮ್ಮ ಲೋಟ ಎತ್ತುವರು. "ಮೂವತ್ತು ವರ್ಷದ ನಾಲಗೆ ಕಣಯ್ಯಾ ಇದು. ಲೋಟದಲ್ಲಿ ಎಮ್ಮೆಯ ಮೂಡು ಗೊತ್ತಾಗತ್ತೆ ನಂಗೆ." ಆ ಮೇಜು ನೋಡಿ ಪಕ್ಕದ ಮೇಜು ತುಂಬುತ್ತಿತ್ತು, ಅದನ್ನು ನೋಡಿ ಹೊರಗಿನ ಕಟ್ಟೆ. ಎದುರು ಸಾಲಿನಲ್ಲಿ ಏಸಿ ಹಾಕಿದ ಕಾಫಿ ಅಂಗಡಿ ಬಂದರೂ ಕಮಲಾಕ್ಷ ನಿದ್ದೆ ಕೆಡಿಸಿಕೊಳ್ಳಲಿಲ್ಲ. ಆ ಹುಬ್ಬು ಏಳುವಷ್ಟು ದಿನ ತನ್ನ ಹೋಟೆಲು ಇರುತ್ತದೆ, ಬಿದ್ದ ದಿನ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ನಿದ್ದೆ ಕೆಡಿಸಿದ್ದು ಸಿಲಿಂಡರ್. ಅದರ ಬೆಲೆ ತಿಂಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತಿದ್ದ ಕಾಲ ಅದು, ಎರಡು ಸಾವಿರದ ಹನ್ನೆರಡು-ಹದಿಮೂರು. ಅಂಥ ಒಂದು ಜನವರಿಯಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ನಡೆಯಿತು. ಇಲ್ಲಿ ಹಾಲ್ ಸಿಕ್ಕ ತಿಂಗಳೇ ನವೆಂಬರ್. ಮುಖ್ಯ ಅತಿಥಿಯಾಗಿ ಬರಬೇಕಿದ್ದವರು ಬರಲಿಲ್ಲವಾಗಿ ಖಾರಘರ್‌ನ ಕಿಟ್ಟಿ ವೇದಿಕೆ ಹತ್ತಿದ. ಪೂರ್ತಿ ಹೆಸರು ಕೃಷ್ಣಮೂರ್ತಿ ಎಂದು ಅವನ ವಿಸಿಟಿಂಗ್ ಕಾರ್ಡಿಗೆ ಮಾತ್ರ ಗೊತ್ತು. ಬೆಂಗಳೂರಿನವನು. ಐರೋಲಿಯ ಕಂಪನಿಯೊಂದರ ಫೈನಾನ್ಸ್ ವಿಭಾಗದಲ್ಲಿ ಇದ್ದವನು ಕೆಲಸ ಬಿಟ್ಟು ಗ್ರಾಮೀಣ ಇಂಧನದ ಕನ್ಸಲ್ಟೆಂಟ್ ಆಗಿದ್ದ. ಗ್ರಾಮವನ್ನೂ ಇಂಧನವನ್ನೂ ಅವನು ಖಾರಘರ್‌ನ ಹನ್ನೊಂದನೇ ಮಹಡಿಯಿಂದ ಚೆನ್ನಾಗಿ ಬಲ್ಲವನಾಗಿದ್ದ.

"ಎಮ್ಮೆ ಅಂದ್ರೆ ಏನು?" ಎಂದು ಕೇಳಿ ಕಿಟ್ಟಿ ಸಭೆಯ ಮೇಲೆ ಕಣ್ಣಾಡಿಸಿದ. ಸಭೆ ಊಟದ ಬಾಗಿಲನ್ನು ನೋಡಿತು. "ನಾಲ್ಕು ಕಾಲಿನ ಪವರ್ ಪ್ಲಾಂಟ್ ಕಣ್ರೀ ಅದು! ನಾವು ಇಷ್ಟು ವರ್ಷ ತಪ್ಪು ಜಾಗದಲ್ಲಿ ಪಾತ್ರೆ ಹಿಡ್ಕೊಂಡು ಕೂತಿದ್ವಿ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕಮಲಾಕ್ಷ.

ಮುಂದಿನ ವಾರ ಕಿಟ್ಟಿ ಕ್ಷೀರಾಬ್ಧಿಗೆ ಬಂದು ಮಸಾಲೆ ದೋಸೆಯ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದ. ಗೋಬರ್ ಗ್ಯಾಸ್ ಘಟಕ, ಸರ್ಕಾರದ ಸಬ್ಸಿಡಿ, ಉಳಿತಾಯ, ಎಲ್ಲವೂ ಬಣ್ಣಬಣ್ಣದ ಚೌಕಗಳಲ್ಲಿ ಕೂತಿದ್ದವು. ಸಗಣಿಯ ಬೆಲೆ ಸೊನ್ನೆ, ಯಾಕೆಂದರೆ ಅದು ಹೇಗೂ ಬೀಳುತ್ತದೆ. ಕೂಲಿ ಸೊನ್ನೆ, ಯಾಕೆಂದರೆ ಎಮ್ಮೆ ನೋಡಿಕೊಳ್ಳುವ ಸೈದಪ್ಪ ಹೇಗೂ ಅಲ್ಲೇ ಇದ್ದಾನೆ. ಸಾಗಾಟವೂ ಸೊನ್ನೆ.

"ಸಾಗಾಟ ಹೇಗೆ ಸೊನ್ನೆ? ಟಿಟ್ವಾಳಾದಿಂದ ಇಲ್ಲಿಗೆ ಬರ್ಬೇಕಲ್ಲ?"

"ಸಾರ್, ಗ್ಯಾಸ್ ಗಾಳಿಗಿಂತ ಹಗುರ."

ಕಮಲಾಕ್ಷನಿಗೆ ಇದು ಸರಿಯೆನಿಸಿತು. ಆಮೇಲೆ ಕೇಳಿದ, "ಹಾಲು ಎಲ್ಲುಂಟು ಇದ್ರಲ್ಲಿ?"

"ಕೆಳಗಡೆ ಬನ್ನಿ. ಇನ್ನೂ ಕೆಳಗೆ. ಬೈಪ್ರಾಡಕ್ಟ್ಸ್ ಅಂತ ಇದೆಯಲ್ಲ, ಸ್ಲರಿ ಗೊಬ್ಬರ ಆದ್ಮೇಲೆ... ಹಾಂ, ಅದೇ."

ಪಕ್ಕದಲ್ಲಿ ಬಿಲ್ಲು ಹರಿಯುತ್ತಿದ್ದ ಮಗಳು ಮಾನಸಿ ತಲೆಯೆತ್ತಿದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತಿತ್ತು. "ಪಪ್ಪಾ, ಯೆ ಆದ್ಮಿ ದೂಧ್ ಕೋ ಗೋಬರ್ ಕೆ ನೀಚೆ ಲಿಖ್ ರಹಾ ಹೈ."

"ಹಾಲನ್ನು ಸಗಣಿಯ ಕೆಳಗೆ ಬರೆದ್ರೆ ಎಂತಾಯ್ತು, ನೀನು ಸುಮ್ಮನಿರು, ಅದು ಫೈನಾನ್ಸ್" ಎಂದ ಕಮಲಾಕ್ಷ. ಸ್ವಲ್ಪ ಹೊತ್ತು ಪರದೆ ನೋಡಿ "ಆವಡ್" ಎಂದ. ಅವನ ಬಾಯಲ್ಲಿ ತುಳುವಿನಲ್ಲಿ ಒಪ್ಪಿಗೆ ಬಂತೆಂದರೆ ಅದಕ್ಕೆ ಮೇಲ್ಮನವಿಯಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಎಮ್ಮೆ ಕೊಟ್ಟಿಗೆಯ ಪಕ್ಕ, ಗ್ಯಾಸು ತುಂಬಿದಂತೆ ಮೇಲೇಳುವ ಕಬ್ಬಿಣದ ಗುಮ್ಮಟ ಬಂದು ನಿಂತಿತು. ಸಂಘದ ಪದಾಧಿಕಾರಿಗಳು ಬಂದು ತೆಂಗಿನಕಾಯಿ ಒಡೆದರು. ಯಾದಗಿರಿ ಕಡೆಯಿಂದ ಬಂದು ಹತ್ತಾರು ವರ್ಷಗಳಿಂದ ಎಮ್ಮೆ ನೋಡಿಕೊಂಡಿದ್ದ ಸೈದಪ್ಪ ಮಾತ್ರ ದೂರದಲ್ಲಿ ಹೆಂಡತಿ ಸತ್ಯಮ್ಮನ ಜೊತೆ ಸಪ್ಪಗೆ ನಿಂತಿದ್ದ. ಕಿಟ್ಟಿಯ ಚೌಕದಲ್ಲಿ ಸೊನ್ನೆಯಾಗಿದ್ದ ಸಗಣಿಯನ್ನು ಅವನು ಇಷ್ಟು ವರ್ಷ ಘೋಡ್‌ಬಂದರ್ ರಸ್ತೆಯ ನರ್ಸರಿಗಳಿಗೆ ಮಾರಿ ಊರಿನಲ್ಲಿ ಎರಡಂಕಣದ ಮನೆ ಕಟ್ಟಿಸಿದ್ದ. ಇದು ಕಮಲಾಕ್ಷನಿಗೆ ಗೊತ್ತಿರಲಿಲ್ಲ. ಲ್ಯಾಪ್‌ಟಾಪಿಗಂತೂ ಗೊತ್ತಿರಲಿಲ್ಲ.

ಗ್ಯಾಸು ಬಂತು. ಅದನ್ನು ಹೋಟೆಲಿಗೆ ತರುವುದು ಹೇಗೆ? ಕಿಟ್ಟಿ ಆನೆಯಷ್ಟು ದೊಡ್ಡ ರಬ್ಬರ್ ಬಲೂನು ತರಿಸಿ, ತುಂಬಿಸಿ, ಟೆಂಪೋದ ಮೇಲೆ ಕಟ್ಟಿಸಿ ಕಳಿಸಿದ. ಕಲ್ಯಾಣದ ಪತ್ರಿಪುಲ್ ಸೇತುವೆಯ ಟ್ರಾಫಿಕ್ಕಿನಲ್ಲಿ ಅದು ಸಿಕ್ಕಿಬಿತ್ತು. ಪೊಲೀಸಿನವನು ಬಂದು ಲಾಠಿಯಿಂದ ಬಲೂನಿಗೆ ತಿವಿದು, "ಹೇ ಕಾಯ ಆಹೇ?" ಎಂದು ಕೇಳಿದ. "ಗ್ಯಾಸ್ ಆಹೇ ಸಾಹೇಬ್" ಎಂದ ಡ್ರೈವರ್. ಮುಂದಿನ ಕೆಲವೇ ನಿಮಿಷಗಳಲ್ಲಿ ಪತ್ರಿಪುಲ್ ಅದರ ಚರಿತ್ರೆಯಲ್ಲೇ ಮೊದಲ ಬಾರಿಗೆ ಖಾಲಿಯಾಯಿತು. ಆ ಖಾಲಿ ರಸ್ತೆಯಲ್ಲಿ ಟೆಂಪೋ ಬಂದ ದಾರಿಯಲ್ಲೇ ಟಿಟ್ವಾಳಾಕ್ಕೆ ವಾಪಸ್ಸು ಹೋಯಿತು.

"ಡೋಂಟ್ ವರಿ ಸಾರ್," ಎಂದ ಕಿಟ್ಟಿ. "ಗ್ಯಾಸ್ ಹೋಟೆಲಿಗೆ ಬರಲ್ಲ ಅಂದ್ರೆ ಹೋಟೆಲೇ ಗ್ಯಾಸ್ ಹತ್ರ ಹೋಗ್ಬೇಕು. ಹಾಲನ್ನ ಅಲ್ಲೇ ಕಾಯಿಸಿ ಕಳಿಸಿ. ಅಷ್ಟು ಸಿಲಿಂಡರ್ ಇಲ್ಲಿ ಉಳೀತು."

ಹಾಗೆ ಹಾಲು ಟಿಟ್ವಾಳಾದಲ್ಲೇ ಗೋಬರ್ ಗ್ಯಾಸಿನ ಮೇಲೆ ಕಾದು, ಕ್ಯಾನಿನಲ್ಲಿ ಬರತೊಡಗಿತು. ಹಯಗ್ರೀವರಾಯರ ಹುಬ್ಬು ಏಳುತ್ತಲೇ ಇತ್ತು. ಗಲ್ಲಾದ ಹಿಂದೆ "ಇಲ್ಲಿಯ ಕಾಫಿಯ ಹಾಲು ಗೋಬರ್ ಗ್ಯಾಸಿನಲ್ಲಿ ಕಾಯಿಸಿದ್ದು" ಎಂಬ ಬೋರ್ಡು ಬಂತು. ವಿಷಯ ಇಲ್ಲಿಗೆ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಡಿಸೆಂಬರ್ ಬಂತು, ಚಳಿಗೆ ಗ್ಯಾಸು ಕಡಿಮೆಯಾಯಿತು.

ಕಿಟ್ಟಿ ಯಾವುದೋ ಕಾನ್ಫರೆನ್ಸ್‌ಗೆಂದು ಪುಣೆಯಲ್ಲಿದ್ದ. ಸೈದಪ್ಪ ಫೋನು ಮಾಡಿ, "ಸಾಹೇಬ್ರ, ಗುಮ್ಮಟ ಏಳವಲ್ದರೀ, ಮಕ್ಕೊಂಡೈತಿ" ಎಂದ. ಏಳುತ್ತಿಲ್ಲ ಎಂಬ ಮಾತು ಕೇಳಿದ್ದೇ ಕಮಲಾಕ್ಷನ ರಕ್ತದಲ್ಲಿ ಎರಡು ತಲೆಮಾರಿನ ಹೋಟೆಲಿಗ ಎಚ್ಚೆತ್ತ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಏಳದಿದ್ದರೆ ಏನು ಮಾಡುತ್ತಾರೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳೆಯ ಹುಳಿಹಿಟ್ಟು ಒಂದು ಸೌಟು ಬೆರೆಸಿ ಮುಚ್ಚಿಡುತ್ತಾರೆ. ಅಲ್ಲೂ ಹುಳಿ ಬರುವುದೇ, ಇಲ್ಲೂ ಹುಳಿ ಬರುವುದೇ. ಅಲ್ಲಿ ಪಾತ್ರೆ, ಇಲ್ಲಿ ಗುಮ್ಮಟ.

"ಇದಕ್ಕೆಲ್ಲ ಕನ್ಸಲ್ಟೆಂಟ್ ಬೇಕಾ?" ಎನ್ನುತ್ತಾ ಅವನು ಉಳಿದ ದೋಸೆಹಿಟ್ಟು, ಇಡ್ಲಿಹಿಟ್ಟುಗಳನ್ನೆಲ್ಲ ಕ್ಯಾನಿಗೆ ತುಂಬಿಸಿದ. ಸೌಟಿನ ಲೆಕ್ಕ ಪಾತ್ರೆಗಾಯಿತು, ಗುಮ್ಮಟಕ್ಕೆ ಕ್ಯಾನಿನ ಲೆಕ್ಕ. ತಾನೇ ಲಗೇಜ್ ಡಬ್ಬಿಯಲ್ಲಿ ನಿಂತು ಹೋಗಿ, ತಾನೇ ಸುರಿದು, ತಾನೇ ಕೋಲಿನಿಂದ ಕಲಸಿದ. ಎರಡು ದಿನ ಗುಮ್ಮಟ ಹೊಸ ಅಳಿಯನಂತೆ ಎದೆಯುಬ್ಬಿಸಿ ನಿಂತಿತು. ಕಮಲಾಕ್ಷ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಮೂರನೆಯ ದಿನ ಒಲೆಗೆ ಕಡ್ಡಿ ಗೀರಿದರೆ ಕಡ್ಡಿಯೂ ಆರಿತು. ಕೊಟ್ಟಿಗೆಯ ಸುತ್ತ ಯಾರೋ ಮರೆತು ಊರಿಗೆ ಹೋದ ದೋಸೆಹಿಟ್ಟಿನ ವಾಸನೆ.

ಪುಣೆಯಿಂದ ಬಂದ ಕಿಟ್ಟಿ ಮೂಗು ಮುಚ್ಚಿಕೊಂಡು ಮೊಬೈಲಿನಲ್ಲಿ ಹುಡುಕಿದ. ಟ್ಯಾಂಕಿನ ಕ್ರಿಮಿಗಳು ಬೇರೆ, ಇಡ್ಲಿಯ ಕ್ರಿಮಿಗಳು ಬೇರೆ. ಟ್ಯಾಂಕಿನವಕ್ಕೆ ಹುಳಿ ಕಂಡರಾಗದು. "ಸಾರ್, ನಿಮ್ಮ ಪ್ಲಾಂಟ್‌ಗೆ ಆಸಿಡಿಟಿ ಆಗಿದೆ. ಪೂರ್ತಿ ಖಾಲಿ ಮಾಡಿ ಹೊಸದಾಗಿ ತುಂಬ್ಬೇಕು."

"ಎಂತದ್ದು ತುಂಬುದು?"

"ಸಗಣಿ. ತುಂಬಾ. ಒಟ್ಟಿಗೆ."

ಅಲ್ಲಿಯವರೆಗೆ ಸುತ್ತಲಿನ ಎಮ್ಮೆ ತಬೇಲಾಗಳವರು ಸಗಣಿಯನ್ನು ಪೈಪಿನಲ್ಲಿ ನೀರು ಬಿಟ್ಟು ನಾಲೆಗೆ ತಳ್ಳುತ್ತಿದ್ದರು. ಒಬ್ಬ ಸೇಠ್‌ಗೆ ಸಗಣಿ ಬೇಕಂತೆ, ಅರ್ಜೆಂಟಾಗಿ ಬೇಕಂತೆ ಎಂಬ ಸುದ್ದಿ ಹಬ್ಬಿದ ದಿನವೇ ಪೈಪುಗಳು ನಿಂತವು. ಸೊನ್ನೆ ಎಂದು ಬರೆದಿದ್ದ ಚೌಕದಲ್ಲಿ ಸಗಣಿಗೆ ಬೆಲೆ ಬಂತು, ಎರಡು ದಿನ ಬಿಟ್ಟು ಹೊಸ ಬೆಲೆ ಬಂತು. ವ್ಯವಹಾರವನ್ನೆಲ್ಲ ಸೈದಪ್ಪನೇ ಮುಂದೆ ನಿಂತು ಕುದುರಿಸಿದ. ಟೆಂಪೋದಲ್ಲಿ ಬಂದ ರಾಶಿಯನ್ನು ನೋಡುತ್ತಾ ಕಮಲಾಕ್ಷನಿಗೆ ಏನೋ ಹೊಳೆಯಿತು.

"ಸೈದಪ್ಪ, ನಮ್ಮ ಎಮ್ಮೆಗಳದ್ದು ಎಲ್ಲಿ ಹೋಗ್ತದೆ?"

"ಅದೂ ಇದರಾಗ ಬಂದೈತ್ರಿ ಸಾಹೇಬ್ರ."

"ಮತ್ತೆ ಅದಕ್ಕೂ ನಾನೇ ದುಡ್ಡು ಕೊಟ್ಟದ್ದಾ?"

ಸೈದಪ್ಪ ನೊಂದುಕೊಂಡ. "ಸೆಗಣಿ ಮ್ಯಾಲ ಹೆಸ್ರು ಬರ್ದಿರ್ತೈತೇನ್ರಿ?"

ಈ ಹೊತ್ತಿಗೆ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಸಬ್ಸಿಡಿಯ ಎರಡನೆಯ ಕಂತು ಘಟಕ ನಡೆಯುತ್ತಿದ್ದರೆ ಮಾತ್ರ ಬರುವುದು. ಅಲ್ಲದೆ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಗುಮ್ಮಟದ ಪಕ್ಕ ನಿಂತ ಅವನ ಫೋಟೋ ಅಚ್ಚಾಗಿ ಹೋಗಿತ್ತು. ಕಿಟ್ಟಿ ಮತ್ತೆ ಲ್ಯಾಪ್‌ಟಾಪ್ ತೆರೆದ. ಸಗಣಿಗೆ ಹೊರಗೆ ದುಡ್ಡು ಕೊಡುವುದು ಮೂರ್ಖತನ, ಎಮ್ಮೆಗಳನ್ನೇ ಹೆಚ್ಚಿಸಬೇಕು ಎಂದ. ಆದರೆ ಕರೆಯುವ ಎಮ್ಮೆ ದುಬಾರಿ. ಅದಕ್ಕೆ ಹಿಂಡಿ ಬೇಕು, ಹತ್ತಿಕಾಳು ಬೇಕು, ನಾಜೂಕು ಬೇರೆ. ಹಾಲು ನಿಂತ ಎಮ್ಮೆ ಅಗ್ಗ, ಒಣಹುಲ್ಲು ಹಾಕಿದರೆ ಸಾಕು. ಕರೆಯುವವುಗಳನ್ನು ಮಾರಿದರೆ ಬಂದ ದುಡ್ಡಿನಲ್ಲಿ ಎರಡರಷ್ಟು ಬರಡೆಮ್ಮೆ.

"ಹಾಲು?" ಎಂದ ಕಮಲಾಕ್ಷ. ದನಿ ಸಣ್ಣದಾಗಿತ್ತು.

"ಸಾರ್, ಸೆಂಟಿಮೆಂಟ್ ಬಿಡಿ. ಎಮ್ಮೆ ಬರಡಾದ್ರೆ ಏನಂತೆ, ಸಗಣಿ ಬರಡಾಗಲ್ವಲ್ಲ!"

ಕಮಲಾಕ್ಷ ಆ ರಾತ್ರಿ ಅಪ್ಪನ ಫೋಟೋದ ಕಡೆ ನೋಡಲಿಲ್ಲ. ಬೆಳಗ್ಗೆ "ಆವಡ್" ಎಂದ. ಹಾಲಿನ ಎಮ್ಮೆಗಳು ಒಂದೊಂದಾಗಿ ಹೋದವು, ಬರಡೆಮ್ಮೆಗಳು ಹಿಂಡಾಗಿ ಬಂದವು.

ಆಮೇಲೆ ಗ್ಯಾಸು ಎಷ್ಟು ಬಂತೆಂದರೆ ಕಿಟ್ಟಿಗೇ ಗಾಬರಿಯಾಯಿತು. ನೀಲಿ ಜ್ವಾಲೆ, ವಾಸನೆಯಿಲ್ಲ, ಹೊಗೆಯಿಲ್ಲ. ಇಡೀ ಯೋಜನೆಯಲ್ಲಿ ಒಂದೇ ಕೊರತೆ, ಆ ಉರಿಯ ಮೇಲೆ ಇಡಲು ಏನೂ ಇರಲಿಲ್ಲ. ಪರಿಶೀಲನೆಗೆ ಸಬ್ಸಿಡಿ ಕೊಡುವ ಇಲಾಖೆಯ ಸಾಹೇಬರು ಬರುವವರಿದ್ದರು. ಗ್ಯಾಸು ಉತ್ಪಾದಕ ಕೆಲಸಕ್ಕೆ ಬಳಕೆಯಾಗುತ್ತಿರುವುದನ್ನು ಅವರು ಕಣ್ಣಾರೆ ಕಾಣಬೇಕು, ಅದೂ ಯಾವತ್ತು ಬರುತ್ತಾರೆಂದು ಹೇಳುವುದಿಲ್ಲ.

ಹೀಗಾಗಿ ದಿನಾ ಬೆಳಗಿನ ಜಾವ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಪ್ಯಾಕೆಟ್ ಹಾಲಿನ ಕ್ರೇಟುಗಳನ್ನು ಕೊಂಡು, ಲಗೇಜ್ ಡಬ್ಬಿಯಲ್ಲಿ ಟಿಟ್ವಾಳಾಕ್ಕೆ ಸಾಗಿಸಿ, ಪ್ಯಾಕೆಟ್ ಹರಿದು, ಗೋಬರ್ ಗ್ಯಾಸಿನ ಮೇಲೆ ಕಾಯಿಸಿ, ಕ್ಯಾನಿಗೆ ಹಾಕಿ, ಮತ್ತೆ ಡೊಂಬಿವಲಿಗೆ ತರಲಾಯಿತು. ಪ್ಲಾಟ್‌ಫಾರ್ಮಿನಲ್ಲಿ ಖಾಲಿ ಕ್ಯಾನು ಹಿಡಿದು ಊರಿಗೆ ಹೊರಟಿದ್ದ ಹಳೆಯ ದೂಧ್‌ವಾಲಾ ಒಬ್ಬ ಮೊದಲ ದಿನ ಕ್ರೇಟುಗಳನ್ನು ನೋಡಿ ಕಾಳಜಿಯಿಂದಲೇ ಹೇಳಿದ, "ಸೇಠ್, ಆಪ್ ಉಲ್ಟಾ ಜಾ ರಹೇ ಹೋ."

ಕಿಟ್ಟಿಯ ಹೊಸ ಪ್ರೆಸೆಂಟೇಷನ್ನಿನಲ್ಲಿ ಇದಕ್ಕೆ "ಮೌಲ್ಯವರ್ಧನೆ" ಎಂಬ ಹೆಸರಿತ್ತು.

ಸಾಹೇಬರು ಬಂದರು, ಕುದಿಯುವ ಹಾಲು ನೋಡಿದರು, ಸಹಿ ಹಾಕಿದರು, ಮತ್ತೆ ಬರುತ್ತೇವೆಂದು ಹೇಳಿ ಹೋದರು. ಡೊಂಬಿವಲಿಯಲ್ಲಿ ಮಾತ್ರ ಬೇರೆ ಸಹಿ ಬಿತ್ತು. ಕಟ್ಟೆಯ ಮೇಲಿನವರು ಮೊದಲು ಖಾಲಿಯಾದರು. ಪಕ್ಕದ ಮೇಜಿನವರು "ಏಕ್ ಚಾಯ್" ಎನ್ನತೊಡಗಿದರು. ಪೆನ್ಷನ್ ಗೆಳೆಯರಲ್ಲಿ ಇಬ್ಬರು ಏಸಿ ಅಂಗಡಿಯಲ್ಲಿ ಕಾಣಿಸಿಕೊಂಡು, ಮೊಣಕಾಲಿಗೆ ತಂಪು ಒಳ್ಳೆಯದೆಂದರು. ಹಯಗ್ರೀವರಾಯರು ಆ ದಿನಗಳಲ್ಲಿ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದರು. ಸೋಮವಾರದಿಂದ ಬರುತ್ತೇನೆ ಎಂದು ಫೋನು ಮಾಡಿದರು. ಹುಬ್ಬು ಏಳದಿದ್ದರೆ ಮುಗಿಯಿತು.

ಆ ಭಾನುವಾರ ಕಮಲಾಕ್ಷ ಟಿಟ್ವಾಳಾಕ್ಕೆ ಹೋದ. ಸೈದಪ್ಪ ತನ್ನ ಗುಡಿಸಲಿನ ಮುಂದೆ ಕೂರಿಸಿದ. ಸತ್ಯಮ್ಮ ಚಹಾ ಕೊಟ್ಟಳು. ಒಂದು ಗುಟುಕಿಗೆ ಕಮಲಾಕ್ಷ ನೆಟ್ಟಗೆ ಕೂತ. ಅಪ್ಪನ ಕಾಲದ ಹಾಲು!

"ಇದೆಲ್ಲಿಂದ ಬಂತು?"

ಗುಡಿಸಲಿನ ಹಿಂದೆ ಒಂದು ಎಮ್ಮೆ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಕಮಲಾಕ್ಷ ಮಾರಿದ್ದರಲ್ಲೇ ಒಂದು. ಕೊಂಡವನು ಸೈದಪ್ಪ. "ಚಹಾಕ್ಕ ಬೇಕಾಕ್ಕೈತಲ್ರಿ. ಪಾಕೀಟಿನ ಹಾಲು ನಮ್ಗ ಸೇರಂಗಿಲ್ಲ."

ಒಲೆ ನೋಡಿದರೆ ಬೆರಣಿಯದು. "ಇಷ್ಟು ಗ್ಯಾಸು ಉಂಟಲ್ಲ, ಅದ್ರಲ್ಲಿ ಮಾಡ್ಲಿಕ್ಕಾಗುದಿಲ್ವಾ?"

"ಅದು ತೋರ್ಸೂ ಗ್ಯಾಸ್ ಅಲ್ಲೇನ್ರಿ?" ಎಂದಳು ಸತ್ಯಮ್ಮ.

ತನ್ನ ಮನೆಯ ಬಳಕೆ ಕಳೆದು ಮಿಕ್ಕಿದ್ದರಲ್ಲಿ ದಿನಕ್ಕೊಂದು ಸಣ್ಣ ಬಾಟಲಿ ಹಾಲು ಕೊಡಲು ಸೈದಪ್ಪ ಒಪ್ಪಿದ. ಬೆಲೆ ಕೇಳಿ ಕಮಲಾಕ್ಷ ಚೌಕಾಸಿ ಮಾಡಲಿಲ್ಲ. ಆ ಬಾಟಲಿಯಲ್ಲಿ ಒಂದು ಲೋಟ ಕಾಫಿ ಆಗುತ್ತಿತ್ತು. ಅದು ಸೋಮವಾರದಿಂದ ಹಯಗ್ರೀವರಾಯರ ಮುಂದೆ ಹೋಗತೊಡಗಿತು.

ಹುಬ್ಬು ಎದ್ದಿತು. "ಯಾರಯ್ಯಾ ಹೇಳಿದ್ದು ಕಾಫಿ ಕೆಟ್ಟಿದೆ ಅಂತ?" ಎಂದು ರಾಯರು ಮಿಕ್ಕ ಗೆಳೆಯರ ಮೇಲೆ ಹರಿಹಾಯ್ದರು. "ಕೆಟ್ಟಿರೋದು ನಿಮ್ಮ ನಾಲಗೆ!" ಗೆಳೆಯರು ತಮ್ಮ ಲೋಟ ನೋಡಿದರು, ಅವರ ಲೋಟ ನೋಡಿದರು, ಒಬ್ಬೊಬ್ಬರಾಗಿ ಎದ್ದು ಹೋದರು. ಕೆಲವೇ ವಾರಗಳಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ರಾಯರೊಬ್ಬರೇ ಉಳಿದು, ಹೋಟೆಲಿನ ಏಕೈಕ ನಿಜವಾದ ಕಾಫಿಯನ್ನು ಕುಡಿಯುತ್ತಾ, ಎದುರಿಗೆ ಸಿಕ್ಕವರಿಗೆಲ್ಲ ಗೋಬರ್ ಗ್ಯಾಸಿನ ಮಹಿಮೆ ಹೇಳುವವರಾದರು.

ಮಾತು ಕಿಟ್ಟಿಯ ಕಿವಿಗೆ ಬೀಳದಿರುವುದುಂಟೇ. ಜೂನಿನ ಒಂದು ಬೆಳಗ್ಗೆ ಅವನು ಫೈಲಿನೊಂದಿಗೆ ಬಂದು ರಾಯರ ಎದುರು ಕೂತ. ಶಹಾಪುರದ ಕಡೆ ದೊಡ್ಡ ಘಟಕ, ನೂರಾರು ಬರಡೆಮ್ಮೆ, ಹೂಡಿಕೆದಾರರಿಗೆ ಒಂದೊಂದು ಎಮ್ಮೆಯಲ್ಲಿ ಪಾಲು. ರಾಯರು ಚೆಕ್‌ಬುಕ್ ತಂದಿದ್ದರು.

"ನಿನ್ನ ರಿಪೋರ್ಟ್ ನೋಡಿ ಅಲ್ಲಪ್ಪಾ ನಾನು ರಿಟೈರ್ಮೆಂಟ್ ದುಡ್ಡು ಹಾಕ್ತಿರೋದು," ಎಂದರು ರಾಯರು. "ಈ ಲೋಟ ನೋಡಿ. ಇದಕ್ಕಿಂತ ಪ್ರೂಫ್ ಬೇಕಾ?"

ಗಲ್ಲಾದಲ್ಲಿ ಕೂತ ಕಮಲಾಕ್ಷನಿಗೆ ಇದು ಕೇಳಿಸಿತು. ಮಾನಸಿಗೂ ಕೇಳಿಸಿತು. ಅವಳು ಅಪ್ಪನನ್ನೇ ನೋಡುತ್ತಾ ಮೆಲ್ಲಗೆ, "ಬೋಲ್ ದೋ ಪಪ್ಪಾ" ಎಂದಳು.

ಹೇಳುವುದು ಹೇಗೆ? ಹೇಳಿದರೆ ಬೋರ್ಡು ಸುಳ್ಳು, ಹೋಟೆಲು ಸುಳ್ಳು, ಕಡೆಯ ಗಿರಾಕಿಯೂ ಎದ್ದು ಹೋಗುತ್ತಾನೆ. ಹೇಳದಿದ್ದರೆ ಮುದುಕನ ಪಿಎಫ್ಫು ಬರಡೆಮ್ಮೆಯ ಹೊಟ್ಟೆಗೆ. ಕಮಲಾಕ್ಷ ಎದ್ದು ಒಳಗೆ ಹೋದ. ಸೈದಪ್ಪನ ಬಾಟಲಿ ಪಕ್ಕಕ್ಕೆ ಸರಿಸಿದ. ಕ್ಯಾನಿನ ಹಾಲಿನಲ್ಲಿ, ಟಿಟ್ವಾಳಾ ನೋಡಿ ಬಂದ ಪ್ಯಾಕೆಟ್ ಹಾಲಿನಲ್ಲಿ, ತನ್ನ ಕೈಯಾರೆ ಒಂದು ಕಾಫಿ ಬೆರೆಸಿದ. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ, ಆದರೆ ಮೂವತ್ತು ವರ್ಷದ ನಾಲಗೆಗೆ ಹೇಳಬೇಕಾದ ಅಗತ್ಯವೂ ಇಲ್ಲ. ಒಂದು ಗುಟುಕು ಸಾಕು, ಪೆನ್ನು ಮುಚ್ಚಿಕೊಳ್ಳುತ್ತದೆ. ಹೋಟೆಲು ಹೋದರೆ ಹೋಗಲಿ. ಇಷ್ಟು ದೊಡ್ಡ ತ್ಯಾಗವನ್ನು ಅವನು ಜೀವನದಲ್ಲಿ ಮಾಡಿರಲಿಲ್ಲ. ಲೋಟ ಒಯ್ದು ರಾಯರ ಮುಂದೆ ಇಟ್ಟ.

ರಾಯರು ಗುಟುಕರಿಸಿದರು. ಕಣ್ಣು ಮುಚ್ಚಿದರು.

ಎಡಹುಬ್ಬು ನಿಧಾನವಾಗಿ ಮೇಲೇರಿತು. ಅದರ ಹಿಂದೆಯೇ, ಇದುವರೆಗೆ ಯಾರೂ ಕಾಣದಿದ್ದ ಹಾಗೆ, ಬಲಹುಬ್ಬೂ ಏರಿತು.

"ಆಹಾ! ಕಿಟ್ಟೀ, ಇವತ್ತಿಂದು ಇನ್ನೂ ಒಂದು ಕೈ ಮೇಲೆ ಕಣೋ." ಅವರು ಪೆನ್ನಿನ ಮುಚ್ಚಳ ತೆಗೆದರು.

"ರಾಯರೇ," ಎಂದ ಕಮಲಾಕ್ಷ. ಮಾತು ಕೊನೆಗೂ ಬಾಯಿಂದ ಬಿತ್ತು. "ಅದು ಪ್ಯಾಕೆಟ್ ಹಾಲು ಮಾರಾಯ್ರೆ. ದೇವರಾಣೆ. ಇಲ್ಲೇ ಸ್ಟೇಷನ್ ಹತ್ರ ತಗೊಂಡದ್ದು."

ರಾಯರು ಅವನನ್ನು ನೋಡಿದರು, ಕಿಟ್ಟಿಯನ್ನು ನೋಡಿದರು, ಹೊಟ್ಟೆ ಕುಣಿಸಿಕೊಂಡು ನಕ್ಕರು. "ನನ್ನನ್ನೇ ಪರೀಕ್ಷೆ ಮಾಡ್ತೀಯೇನಯ್ಯಾ? ಪ್ಯಾಕೆಟ್ ಹಾಲು ನಂಗೆ ಗೊತ್ತಾಗಲ್ವಾ? ಇದು ಎಮ್ಮೆ ಖುಷಿಯಾಗಿದ್ದಾಗ ಕರೆದ ಹಾಲು!"

"ಕರೆಕ್ಟ್ ಸಾರ್," ಎಂದ ಕಿಟ್ಟಿ. "ಕಮಲಾಕ್ಷ ಸಾರ್‌ಗೆ ಹ್ಯೂಮರ್ ಜಾಸ್ತಿ."

ಸಹಿ ಬಿತ್ತು. ಕಿಟ್ಟಿ ಚೆಕ್ಕಿನ ಮೇಲೆ ಎರಡು ಸಲ ಊದಿದ.

ಕಮಲಾಕ್ಷ ಒಳಗೆ ಹೋಗಿ ಬಾಟಲಿಯ ಹಾಲು ಕಾಯಿಸಿ, ಕಾಫಿ ಬೆರೆಸಿ, ಗೋಡೆಗೊರಗಿ ನಿಂತು ತಾನೇ ಕುಡಿದ. ಅದು ನಿಜಕ್ಕೂ ಬೇರೆ ವಿಷಯವಾಗಿತ್ತು. ಬಾಗಿಲಲ್ಲಿ ಮಾನಸಿ ನಿಂತಿದ್ದಳು.

"ಕಮಲಾಕ್ಷಾ!" ಹೊರಗಿನಿಂದ ರಾಯರ ದನಿ ಬಂತು. "ಅದೇ ಹಾಲಿಂದು ಇನ್ನೆರಡು! ಅದೇ ಇರ್ಬೇಕು ನೋಡು, ಬೇರೆ ಕೊಟ್ರೆ ಗೊತ್ತಾಗಿಬಿಡತ್ತೆ ನಂಗೆ!"

ಕ್ಯಾನು ಖಾಲಿಯಾಗಿತ್ತು. ಬೆಳಗಿನ ಜಾವ ಟಿಟ್ವಾಳಾಕ್ಕೆ ಹೋಗದೆ ಉಳಿದ ಒಂದು ಕ್ರೇಟು ಮೂಲೆಯಲ್ಲಿತ್ತು. ಕಮಲಾಕ್ಷ ಅದರಿಂದ ಒಂದು ಪ್ಯಾಕೆಟ್ ಎತ್ತಿಕೊಂಡು, ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಸಿಲಿಂಡರ್ ಒಲೆಯ ಮೇಲಿನ ಪಾತ್ರೆಗೆ ಸುರಿದ.